ದೋಟಿ ಕುಡುಗೋಲಿನ ಮೂತಿ

ಕುಡುಗೋಲು ಮಸೆಯುವುದರಲ್ಲಿ ನನ್ನನ್ನು ಮೀರಿಸುವವರು ಶೆಟ್ಟಿಕೆರೆಯ ತವರಿನಲ್ಲೂ ಇರಲಿಲ್ಲ, ನೊಣವಿನಕೆರೆ ಹತ್ತಿರದ ಈ ಅತ್ತೆಮನೆಯಲ್ಲೂ ಇಲ್ಲ. ಜಂಬವೆಂದರೆ ಜಂಬವೇ ಸರಿ. ನೇರ ಅಲಗನ್ನು ಯಾರು ಬೇಕಾದರೂ ಕಲ್ಲಿಗೆ ಉಜ್ಜಬಹುದು. ಬಾಗಿದ ಅಲಗಿಗೆ ಕಲ್ಲನ್ನೇ ಕೈಯಲ್ಲಿ ಹಿಡಿದು, ಅದು ಬಾಗಿದ ಕಡೆಗೆಲ್ಲ ಮಣಿಕಟ್ಟು ತಿರುಗಿಸಬೇಕು.

ಹುಲ್ಲು ಕೊಯ್ಯುವ ಕುಡುಗೋಲುಗಳೆಲ್ಲ ಬಂದ ವರ್ಷವೇ ನನ್ನ ಪಾಲಾದವು. ದೋಟಿಯದನ್ನು ಮಾತ್ರ ಮಾವ ಬಿಟ್ಟುಕೊಡಲಿಲ್ಲ. ಅದನ್ನು ಉದ್ದನೆಯ ಬಿದಿರು ಗಳದ ತುದಿಗೆ ಕಟ್ಟಿ, ನನ್ನ ಗಂಡ ನೆಲದಲ್ಲೇ ನಿಂತು ತೆಂಗಿನ ಗೊನೆ ಇಳಿಸುತ್ತಾರೆ. ಮಾವ ಅಲಗಿನ ಹೊಟ್ಟೆಯನ್ನು ಚೆನ್ನಾಗಿ ಮಸೆದು, ತುದಿಯ ಮೂತಿ ಇನ್ನೂ ಎರಡು ಬೆರಳು ದೂರ ಇರುವಾಗಲೇ ಕಲ್ಲು ಕೆಳಗಿಡುತ್ತಿದ್ದರು. ಪಾಪ, ಕಣ್ಣು ಮಂಜಾಗಿದೆ ಎಂದುಕೊಂಡೆ. ಹೋದ ವರ್ಷ ಕಾಯಿ ಇಳಿಸುವ ಹಿಂದಿನ ದಿನ ಅವರು ಎಂದಿನಂತೆ ಹೊಟ್ಟೆಯನ್ನಷ್ಟೇ ಮಸೆದಿಟ್ಟು ಸಂಪಿಗೆ ಊರಿಗೆ ಹೋಗಿದ್ದರು. ನಾನು ಮೂತಿಯನ್ನೂ ಮಸೆದಿಟ್ಟೆ. ಗರಿ ಸೋಕಿದರೆ ಸಾಕು, ಎರಡು ತುಂಡು!

ಮರುದಿನ ಗೊನೆಗಳು ಸಲೀಸಾಗಿ ಬಿದ್ದವು. ವಾರದೊಳಗೆ ನಾಲ್ಕೈದು ಮರಗಳಲ್ಲಿ ಎಳೆಯ ಹೊಂಬಾಳೆಗಳು ಬಾಡಿ ಜೋತುಬಿದ್ದವು. ಹೊಂಬಾಳೆ ಹೋದರೆ ಮುಂದಿನ ವರ್ಷದ ಕಾಯಿ ಹೋದಂತೆ. ಗಂಡ ಮೊಬೈಲಿನಲ್ಲಿ ಫೋಟೊ ತೆಗೆದು ಯಾರ್ಯಾರಿಗೋ ಕಳಿಸಿ, "ನುಸಿ ಕಣೇ, ತಿಪಟೂರಿಂದ ಔಷಧಿ ತತ್ತೀನಿ" ಎಂದು ಬೈಕ್ ತೆಗೆದರು.

ಮಾವ ಕೆಳಗೆ ಬಿದ್ದಿದ್ದ ಹೊಂಬಾಳೆಯೊಂದನ್ನು ಬೆರಳಿಂದ ಸವರಿದರು. "ನುಸಿ ಹಿಂಗ್ ಕುಯ್ಯಲ್ಲ ಕಣಪ್ಪ. ಗೊನೆ ಸಂದೀಲಿ ದೋಟಿ ತೂರ್ಸುವಾಗ ಮೂತಿ ತಾಗೈತೆ. ಅದಕ್ಕೇ ನಾನು ಮೂತಿ ಮೊಂಡು ಬುಡೋದು."

ಗಂಡ ಅಪ್ಪನ ಮೇಲೆಯೇ ತಿರುಗಿಬಿದ್ದರು. "ಮಸ್ದಿದ್ದು ನೀನೇ ಅಲ್ವಾ? ಕಣ್ ಕಾಣ್ದೆ ಮೂತೀನೂ ಉಜ್ಜಿದೀಯ. ಇನ್ಮೇಲೆ ಅದನ್ನ ಮುಟ್ಬೇಡ, ಬುಡು."

ಮಾವ ಹೌದೇನೋ ಎಂಬಂತೆ ತಮ್ಮ ಕೈಗಳನ್ನೇ ನೋಡಿಕೊಂಡರು. ಅದನ್ನು ನನಗೆ ತಡೆಯಲಾಗಲಿಲ್ಲ.

"ಮೂತಿ ಮಸ್ದಿದ್ದು ನಾನು ಮಾವ" ಎಂದೆ.

ಅವರು ಕುಡುಗೋಲು ತರಿಸಿಕೊಂಡು ಹೆಬ್ಬೆರಳಿಂದ ಮೂತಿ ಮುಟ್ಟಿ ನೋಡಿದರು. "ಹದವೇನೋ ಸಖತ್ತಾಗೈತೆ ಕಣವ್ವ. ಈಗ ಮೊಂಡು ಮಾಡು."

ನಾನು ಅಲಗೊಂದನ್ನು ಕೈಯಾರೆ ಕೆಡಿಸಿದ್ದು ಅದೇ ಮೊದಲು. ಮೂತಿಯ ಮೇಲೆ ಕಲ್ಲನ್ನು ಅಡ್ಡ ಉಜ್ಜುತ್ತಾ ಬಂದು, ಹೊಟ್ಟೆ ಮೊದಲಾಗುವಲ್ಲಿ ನಿಲ್ಲಿಸಿ, ಗಂಡನ ಎದುರಿಗೇ ಕುಡುಗೋಲನ್ನೂ ಕಲ್ಲನ್ನೂ ಮಾವನ ಕೈಗಿಟ್ಟೆ. ಇವತ್ತಿಗೂ ದೋಟಿಯದನ್ನು ಅವರೇ ಮಸೆಯುತ್ತಾರೆ.