ಜಾಲಿ ಕಡಿದ ಮೇಲಿನ ದೊಡ್ಡ ಮಳೆ

ನಾನು ಹೆಚ್ಚು ಓದಿದವಳಲ್ಲ. ಆದ್ರೂ ಇದನ್ನ ಬರೆದೇ ತೀರ್ತೀನಿ, ಯಾಕಂದ್ರೆ ನಾನೀಗ ಅಜ್ಜಿ! ಮಗಳು ಕೂಸನ್ನ ಎತ್ಕೊಂಡು ಹೊರಮಾವಿನ ನಮ್ಮನೆಗೆ ಬಂದ ವಾರವೇ ದೊಡ್ಡ ಮಳೆ ಹಿಡೀತು.

ಮನೆ ಹಿಂದೆ ನಮ್ಮದೊಂದು ಇಳಿಜಾರು ಬೀಳು ಇದೆ. ಸುತ್ತ ಅಪಾರ್ಟ್‌ಮೆಂಟ್ ಎದ್ರೂ ದನ ಮೇಯಕ್ಕೆ ಅಂತ ಉಳಿಸ್ಕೊಂಡಿದ್ವಿ. ಅದಕ್ಕೆ ಬಳ್ಳಾರಿ ಜಾಲಿ ನುಗ್ತು. ದನಗಳೇ ಅದರ ಕಾಯಿ ತಿಂದು ಸಗಣಿ ಜೊತೆ ಬೀಜ ಬಿತ್ತಿದ್ವು. ಮರ ಇದ್ರೆ ಮಣ್ಣು ನಿಲ್ಲುತ್ತೆ ಅಂದ್ಕೊಂಡು ನಾವೂ ಸುಮ್ನಿದ್ವಿ. ನೋಡ್ತಾ ನೋಡ್ತಾ ಮರದ ಬುಡದಲ್ಲಿ ಒಂದೆಳೆ ಗರಿಕೆ ಉಳೀಲಿಲ್ಲ. ಬೋಳು ನೆಲದ ಮೇಲೆ ಬಿದ್ದ ಮಳೆ ಇಂಗದೆ ಓಡೋದು, ಮಣ್ಣು ಕೊರ್ಕೊಂಡು ಕೆಂಪಗೆ ಹಿತ್ತಲ ಕೋಣೆಗೆ ನುಗ್ಗೋದು. ಈಗ ಅದೇ ಬಾಣಂತಿ ಕೋಣೆ. ಮನೇಲಿ ಇರೋದೇ ಎರಡು ಕೋಣೆ.

ಮಗಳು ಬಸುರಿ ಅಂತ ಗೊತ್ತಾಗಿದ್ದೇ ಜಾಲಿ ಕಡಿಸಕ್ಕೆ ನಿಂತೆ. ಪಕ್ಕದ ಮನೆಯ ಓರಗಿತ್ತಿ ಕಾಂಪೌಂಡ್ ಮೇಲಿಂದ್ಲೇ ಕೂಗಿದ್ರು.

"ಮಗಳು ಬಸುರಿ ಇರೋವಾಗ ಹಸಿ ಗಿಡ ಕಡೀತಾರೇನೇ?"

"ಅಕ್ಕಾ, ಕೂಸು ಕೆಸ್ರಲ್ಲಿ ತೇಲೋದಕ್ಕಿಂತ ವಾಸಿ."

ನಮ್ಮ ಯಜಮಾನರಿಗೆ ಬಾಣಂತಿ ಹಂಡೆಗೆ ಸೌದೆ ಸಿಕ್ಕಿದ ಖುಷಿ. ಬೊಡ್ಡೆ ತಗೊಳಿ, ಮುಳ್ಳಿನ ಕೊಂಬೆ ಮುಟ್ಬೇಡಿ ಅಂದೆ. ದನ ಹೋಗದ ಹಾಗೆ ಆ ಕೊಂಬೆಗಳನ್ನ ಇಳಿಜಾರಿಗೆ ಅಡ್ಡ ಹಾಸಿದ್ವಿ. ಸಣ್ಣ ಮಳೆಗೇ ಮುಳ್ಳಿನ ಸಂದೀಲಿ ಹುಲ್ಲು ಚಿಗುರ್ತು.

ಆವತ್ತು ಮಧ್ಯಾಹ್ನ ಆಕಾಶ ಕಪ್ಪಾಗಿ ಒಂದೇ ಸಮ ಸುರೀತು. ಒಳಗೆ ತಾಯಿ, ಮಗು ಮಲಗಿದ್ದಾರೆ. ಇವರು ಹಿತ್ತಲ ಬಾಗಿಲಲ್ಲಿ ಮರಳಿನ ಚೀಲ ಹಿಡ್ಕೊಂಡು ನಿಂತಿದ್ದಾರೆ.

"ರೀ, ನೀರು ಬಂತಾ?"

"ಬಂತು ಕಣೇ."

ನಾನು ದಡಬಡ ಎದ್ದೆ.

"ಬಂತು, ಆದ್ರೆ ಓಡ್ತಿಲ್ಲ. ಬಂದು ನೋಡೇ!"

ಮುಳ್ಳಿಗೆ ತಡೆದು, ಹುಲ್ಲಿಗೆ ಸಿಕ್ಕಿ, ನೀರು ಅಲ್ಲಲ್ಲೇ ನಿಂತು ಇಂಗ್ತಿತ್ತು. ಹಳೇ ಕೊರಕಲು ಒಂದು ಮಾತ್ರ ಮಾತು ಕೇಳ್ಲಿಲ್ಲ. ಕೆಂಪು ನೀರು ಸೀದಾ ಗೋಡೆಗೆ ಬಂತು. ಚೀಲ ಒಡ್ಡಿದ್ವಿ. ಪಕ್ಕದಿಂದ ನುಸುಳ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಹಿಡಿದು ಮಣ್ಣೆಳೆದೆ. ಮೆಟ್ಟಿಲು ಮುಳುಗ್ತು. ಹೊಸಿಲಿಗೆ ಒಂದು ಗೇಣು ಉಳೀತು. ಇಬ್ಬರೂ ಅದನ್ನೇ ನೋಡ್ತಾ ನಿಂತ್ವಿ. ಏರ್ಲಿಲ್ಲ. ಆಮೇಲೆ ಮೆಲ್ಲಗೆ ಇಳೀತು.

ಒದ್ದೆ ಸೀರೆಯಲ್ಲೇ ಚಪ್ಪಾಳೆ ತಟ್ಟಿ ಕೂಗಿಬಿಟ್ಟೆ.

ಒಳಗಿಂದ ಮಗಳು ಗದರಿದ್ಲು. "ಅಮ್ಮಾ, ಈಗ ಮಲಗ್ಸಿದೀನಿ. ನಿನ್ನ ಸದ್ದಿಗೆ ಎದ್ಲು ನೋಡು!"

ಏಳ್ಲಿ ಬಿಡು. ಒಣ ನೆಲದ ಮೇಲೆ ಚಾಪೆ ಹಾಸ್ಕೊಂಡು, ಅಳೋ ಮೊಮ್ಮಗಳನ್ನ ಮಡಿಲಿಗೆ ಹಾಕ್ಕೊಂಡೆ.