ಶೆಟ್ಟರ ಅಂಗಡಿಗೆ ಏರಿದ ಹಲಗೆ

ನಮ್ಮ ಕರಾವಳಿಯ ಶಾಲೆಗಳಲ್ಲಿ ಮರಗೆಲಸವನ್ನು ಪಾಠವೆಂದೇ ನಂಬಿ ಕಲಿಸಿದವರು ವಿರಳ. ಹೆಚ್ಚಿನವರಿಗೆ ಅದು ಓದು ಹತ್ತದ ಮಕ್ಕಳನ್ನು ಕೂರಿಸುವ ತಾಸು. ಆ ತಾಸಿಗೆ ಮರ್ಯಾದೆ ತಂದವರು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ವೆಂಕಟ್ರಮಣ ಮಾಸ್ತರರು. ೧೯೧೯ರಲ್ಲಿ ಕುಮಟೆಯಲ್ಲಿ ಸೇವೆಗೆ ಸೇರಿ, ಭಟ್ಕಳದಲ್ಲಿ ಒಂಬತ್ತು ವರ್ಷ ಕಳೆದು, ಉಳಿದ ಕಾಲವನ್ನೆಲ್ಲ ಹೊನ್ನಾವರಕ್ಕೆ ಕೊಟ್ಟ ಅವರ ಕೈಯಲ್ಲಿ ಪಳಗಿದವರು ಇಂದು ಮೂರೂ ಊರುಗಳಲ್ಲಿ ದೋಣಿ, ಬಾಗಿಲು, ತೊಟ್ಟಿಲುಗಳನ್ನು ಮಾಡುತ್ತಿದ್ದಾರೆ. ಬಿ.ಎ. ಮುಗಿಸಿ ಹೊನ್ನಾವರದ ಅವರ ಶಾಲೆಗೇ ಶಿಕ್ಷಕಿಯಾಗಿ ಸೇರಿದ ನನಗೆ ಅವರು ಕಲಿಸಿದ ಮೊದಲ ಪಾಠ, ಕುಂಟುವ ಮೇಜಿನ ಕೆಳಗೆ ಕಾಗದ ಮಡಚಿ ಇಡಬಾರದೆಂಬುದು.

ಅವರ ಕೆಲಸಗಳ ಪಟ್ಟಿಯನ್ನು ಇತರರು ಕೊಡುವರು. ನಾನು ಒಂದನ್ನು ಮಾತ್ರ ಹೇಳುತ್ತೇನೆ.

೧೯೪೪ರಲ್ಲಿ ನನ್ನ ಯಜಮಾನರು ಕಾಲುಗಳ ಬಲ ಕಳೆದುಕೊಂಡು ಯುದ್ಧದಿಂದ ಮರಳಿದರು. ಅವರು ಮಾಸ್ತರರ ಹಳೆಯ ಶಿಷ್ಯರು. ಮಾಸ್ತರರು ಹಲಸಿನ ಮರದ ಕುರ್ಚಿ ಮಾಡಿ, ಎರಡು ಸೈಕಲ್ ಗಾಲಿ ಹಾಕಿ, ಹಿಂದೆ ಪುಟ್ಟ ಗಾಲಿಯೊಂದನ್ನು ಕೂರಿಸಿಕೊಟ್ಟರು. ರಸ್ತೆಯಲ್ಲಿ ಅದು ಸಲೀಸಾಗಿ ಓಡಿತು. ಆದರೆ ಪೇಟೆಯ ಅಂಗಡಿಗಳೆಲ್ಲ ಮಳೆನೀರಿಗೆ ಹೆದರಿ ಎತ್ತರದ ಜಗಲಿಯ ಮೇಲೆ ಕೂತಿದ್ದವು. ಲಿಂಗಪ್ಪ ಶೆಟ್ಟರ ಜವಳಿ ಅಂಗಡಿಯ ಒಳಗೆ ಹೋಗಿ ನನಗೊಂದು ಸೀರೆಯನ್ನು ತಾವೇ ಆರಿಸಬೇಕೆಂಬುದು ಯಜಮಾನರ ಆಸೆ. ಶೆಟ್ಟರು ಸೀರೆಗಳನ್ನು ರಸ್ತೆಗೇ ಕಳಿಸಲು ಸಿದ್ಧರಿದ್ದರು. ಇವರು ಒಪ್ಪಲಿಲ್ಲ.

ಶರಾವತಿ ದಾಟುವ ದೋಣಿಗೆ ಗಾಡಿ ಹತ್ತಿಸುವ ಹಲಗೆಯನ್ನು ಮಾಸ್ತರರು ಕೇಳಿ ತಂದರು. ದೋಣಿಗೆ ಒಪ್ಪಿದ್ದು ಅಂಗಡಿಗೂ ಒಪ್ಪೀತೆಂದುಕೊಂಡದ್ದು ಅವರ ತಪ್ಪು. ದೋಣಿಯಲ್ಲಿ ಗಾಡಿಯನ್ನು ನಾಲ್ಕು ಜನ ನೂಕುತ್ತಾರೆ. ಗಿಡ್ಡ ಹಲಗೆಯ ಕಡಿದಾದ ಏರನ್ನು ಒಬ್ಬರೇ ಹತ್ತಲಾಗದೆ, ಇಲ್ಲಿಯೂ ಶುಕ್ರ, ಚೌಡ ಎಂಬ ಇಬ್ಬರು ಹಮಾಲರು ನೂಕಲು ಬಂದರು.

“ನೂಕಿ ಒಳಗೆ ಹಾಕುದಾದ್ರೆ ಮೂಟೆಗೂ ನಂಗೂ ಎಂತ ಫರಕು ಮಾಸ್ತರೆ?” ಎಂದರು ಯಜಮಾನರು.

ಮಾಸ್ತರರು ಹಲಗೆಯನ್ನು ಹಿಂತಿರುಗಿಸಿದರು. ಮಕ್ಕಳನ್ನು ಕೂಡಿಕೊಂಡು ಅದರ ಮೂರು ಪಟ್ಟು ಉದ್ದದ, ಎರಡೂ ಬದಿಗೆ ಅಂಚು ಕಟ್ಟಿದ ಹೊಸದೊಂದನ್ನು ಮಾಡಿದರು. ಕುರ್ಚಿಯಲ್ಲಿ ತಾವೇ ಕೂತು ಶಾಲೆಯ ಮೆಟ್ಟಿಲಿನ ಮೇಲೆ ಪರೀಕ್ಷಿಸುವಾಗ ಅವರು ಎರಡು ಬಾರಿ ಹಿಂದಕ್ಕೆ ಉರುಳಿ ಹೂವಿನ ಪಾತಿಗೆ ಬಿದ್ದದ್ದನ್ನು ಇಡೀ ಶಾಲೆ ನೋಡಿದೆ.

ಹಲಗೆ ಸಿದ್ಧವಾದ ದಿನ ಶೆಟ್ಟರು ಅಡ್ಡ ನಿಂತರು. “ಚಪ್ಪಲ್ ಕೆಳಗೇ ಬಿಡಿ ಅಂತ ಎಲ್ಲರಿಗೂ ಹೇಳ್ತೆ. ಇದು ರಸ್ತೆ ತುಳಿದ ಗಾಲಿ.”

“ಕಾಲು ತೊಳ್ಕಂಡು ಬಂದ್ರೆ ಆತಲ್ಲ ಶೆಟ್ರೆ? ಇವಂಗೆ ಇದೇ ಕಾಲು,” ಎಂದ ಮಾಸ್ತರರು, ಜಗಲಿಯ ಬಳಿಯಿದ್ದ ತಂಬಿಗೆಯ ನೀರಿನಿಂದ ಗಾಲಿಗಳನ್ನು ತೊಳೆದು, ತಮ್ಮ ಶಲ್ಯದಿಂದ ಒರೆಸಿದರು.

ಶೆಟ್ಟರು ಬಗ್ಗಿ ನೋಡಿದರು. “ಹಿಂದಿನ ಗಾಲಿ ಬಿಟ್ರಿ.”

ನೆರೆದವರೆಲ್ಲ ನಕ್ಕರು, ಶೆಟ್ಟರೂ ನಕ್ಕರು. ಯಜಮಾನರು ತಮ್ಮ ಕೈಯಿಂದಲೇ ಗಾಲಿ ತಿರುಗಿಸುತ್ತ ಮೇಲೇರಿ, ಶೆಟ್ಟರಿಗೆ ಬೇಸರ ಬರುವಷ್ಟು ಹೊತ್ತು ಆರಿಸಿ, ಹಸಿರು ಸೀರೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಇಳಿದರು. ವರ್ಷದೊಳಗೆ ಆರು ಅಂಗಡಿಗಳಿಗೆ ಹಲಗೆ ಬಂತು. ಪ್ರತಿ ಹಲಗೆಯ ಬಳಿ ಒಂದು ತಂಬಿಗೆ.

೧೯೪೬ರ ಮಳೆಗಾಲದಲ್ಲಿ ಯಜಮಾನರು ತೀರಿಕೊಂಡರು. ಹಲಗೆಯನ್ನು ತೆಗೆಯಲೇ ಎಂದು ಶೆಟ್ಟರು ಸಂಕೋಚದಿಂದ ನನ್ನನ್ನೇ ಕೇಳಿದರು. ಜೊತೆಯಲ್ಲಿದ್ದ ಮಾಸ್ತರರು ಹಲಗೆಯತ್ತ ಕೈ ತೋರಿಸಿದರು. ಮಾಸ್ತಮ್ಮ ಎಂಬ ಮೊಣಕಾಲು ನೋವಿನ ಮುದುಕಿಯೊಬ್ಬಳು ಯಾರ ಹೆಗಲನ್ನೂ ಹಿಡಿಯದೆ ಅಂಗಡಿಗೆ ಏರುತ್ತಿದ್ದಳು.

“ಇರ್ಲಿ ಶೆಟ್ರೆ, ಹತ್ತುವವ್ರು ಇದ್ದಾರಲ್ಲ,” ಎಂದರು ಮಾಸ್ತರರು.

ಪ್ರತಿ ಮಳೆಗಾಲ ಕಳೆದ ಮೇಲೆ ಮಾಸ್ತರರು ಆರೂ ಹಲಗೆಗಳಿಗೆ ಎಣ್ಣೆ ಹಚ್ಚುತ್ತಾರೆ. ಕಳೆದೆರಡು ವರ್ಷಗಳಿಂದ ಎಣ್ಣೆಯ ಡಬ್ಬಿ ಹಿಡಿಯುವ ಕೆಲಸ ನನ್ನದು.

ಅವರು ನೂರು ವರ್ಷ ಗಟ್ಟಿಯಾಗಿ ಬಾಳಲಿ. ಶಾಲೆಯ ಗಂಟೆ ಇನ್ನು ಅವರನ್ನು ಕರೆಯದು. ಆದರೆ ಬಂದರು ರಸ್ತೆಯ ಪಾತ್ರೆ ಅಂಗಡಿಗೆ ಇನ್ನೂ ಹಲಗೆಯಿಲ್ಲ. ಅಳತೆಯನ್ನು ನಾನು ತೆಗೆದಿಟ್ಟಿದ್ದೇನೆ.