ಗಾದಿಗೆ ಇಳಿದು ಬಂದ ಕಂಪ್ಯೂಟರ್

ಮಹಾರಾಷ್ಟ್ರದ ನಗರವೊಂದರ ನಾರಾಯಣ ಪೇಟೆ. ಅಲ್ಲಿಯ ಹಳೆಯ ವಾಡೆಯೊಂದರ ಮಹಡಿ. ಬೆಳಗಿನ ಆರೂವರೆಯ ಹೊತ್ತು. ಕೆಳಗೆ ಅಂಗಳದಲ್ಲಿ ಹಾಲಿನವನು ಕ್ಯಾನು ಇಳಿಸುತ್ತಿದ್ದಾನೆ. ಮೇಲೆ, ಲೆಕ್ಕಪರಿಶೋಧಕರ ಆಫೀಸಿನ ಒಳಕೋಣೆಯಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಮೇಜಿನ ಅಡಿ ಮಂಡಿಯೂರಿ ವಾಯರು ಬಿಚ್ಚುತ್ತಿದ್ದಾರೆ. ತುಟಿಗಳ ನಡುವೆ ಎರಡು ಸ್ಕ್ರೂ ಹಿಡಿದಿರುವುದರಿಂದ ಮಾತಿಲ್ಲ. ಎಲ್ಲ ಬಿಚ್ಚಿಯಾದ ಮೇಲೆ ಮೇಜಿನ ಮೇಲಿದ್ದ ಭಾರದ ಮಾನಿಟರನ್ನು ಎದೆಗೊತ್ತಿ ಹಿಡಿದು, ನಿಧಾನವಾಗಿ ಬಗ್ಗಿ, ನೆಲಕ್ಕೆ ಇಳಿಸುತ್ತಾರೆ.

ಬರೀ ನೆಲವಲ್ಲ, ಅಲ್ಲಿ ಗಾದಿ ಇದೆ. ಬಿಳಿ ಹೊದಿಕೆಯ ಹತ್ತಿ ಹಾಸಿಗೆ, ಬೆನ್ನಿಗೆ ಲೋಡು, ಮುಂದೆ ಮೊಣಕಾಲೆತ್ತರದ ಇಳಿಜಾರು ಡೆಸ್ಕು. ಪೇಟೆಯ ಹಳೆಯ ಆಫೀಸುಗಳಲ್ಲಿ ಲೆಕ್ಕ ಬರೆಯುವವರು, ಅಂದರೆ ಇಲ್ಲಿಯವರ ಬಾಯಲ್ಲಿ ದಿವಾಣಜಿಗಳು, ಕೂತು ಬರೆಯುವುದು ಹೀಗೆಯೇ. ಡೆಸ್ಕಿನ ಪಕ್ಕಕ್ಕೆ ಬಡಗಿಯಿಂದ ಮಾಡಿಸಿ ತಂದ ಗಿಡ್ಡ ಮಣೆಯೊಂದಿದೆ. ಮಾನಿಟರ್ ಅದರ ಮೇಲೆ ಕೂತಿತು. ಕೀಬೋರ್ಡು ಡೆಸ್ಕಿನ ಮೇಲೆ. ಜಾರಿ ಮಡಿಲಿಗೆ ಬೀಳದಂತೆ ಕೆಳಗೊಂದು ಮರದ ಪಟ್ಟಿ ಹೊಡೆದಿದೆ.

"ಪೇಟೆಯಲ್ಲಿ ನಗ್ತಾರೆ," ಸ್ಕ್ರೂ ಬಾಯಿಂದ ತೆಗೆದು ಹೇಳುತ್ತಾರೆ ಹರಿಣಾಕ್ಷಿ. "ಕಂಪ್ಯೂಟರನ್ನು ಊಟಕ್ಕೆ ಕೂರಿಸಿದ ಹಾಗೆ ಕೂರಿಸ್ತಾಳೆ ಅಂತ. ನಗ್ಲಿ. ಐವತ್ತೇಳು ವರ್ಷದ ದಿವಾಣಜಿಯನ್ನ ಎಬ್ಬಿಸಿ ಕುರ್ಚಿಗೆ ಕರ್ಕೊಂಡು ಹೋಗುದಕ್ಕಿಂತ ಈ ಡಬ್ಬ ಇಳಿಸುದು ಸುಲಭ ಅಲ್ವಾ?"

ಇಷ್ಟು ಬೆಳಿಗ್ಗೆ ಯಾಕೆ ಎಂದರೆ, ಒಂಬತ್ತಕ್ಕೆ ಕರೆಂಟು ಹೋಗುತ್ತದೆ. ದೇಹೂ ರೋಡಿನಿಂದ ಮೊದಲ ಲೋಕಲ್ ರೈಲು ಹಿಡಿದು ಶಿವಾಜಿನಗರಕ್ಕೆ ಬಂದು, ಅಲ್ಲಿಂದ ನಡೆದೇ ಪೇಟೆಗೆ ಬರುತ್ತಾರೆ. ಹೆಗಲಿಗೊಂದು ರೆಕ್ಸಿನ್ ಚೀಲ. ಅದರಲ್ಲಿ ಸ್ಕ್ರೂಡ್ರೈವರ್, ವಾಯರು, ಸಿ.ಡಿ. ಡಬ್ಬಿ, ಮತ್ತೆ ಬಾಳೆಎಲೆಯಲ್ಲಿ ಕಟ್ಟಿದ ಎರಡು ಇಡ್ಲಿ.

ಹರಿಣಾಕ್ಷಿಯವರ ವಯಸ್ಸು ನಲವತ್ತನಾಲ್ಕು. ಗಂಡ ದೇಹೂ ರೋಡಿನ ಲಷ್ಕರಿ ಗೋದಾಮಿನಲ್ಲಿ ನೌಕರ. ಮನೆಯಿಂದ ಎರಡು ಗಲ್ಲಿ ಆಚೆ, ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯಲ್ಲಿ ಅವರ ಕಂಪನಿ ನಡೆಯುತ್ತದೆ. ಹೆಸರು ದುರ್ಗಾ ಡೇಟಾ ಸರ್ವಿಸಸ್. ಇವರೂ, ತ್ರಿವೇಣಿ ಎಂಬ ಇನ್ನೊಬ್ಬರೂ, ಇಬ್ಬರೇ. ಗಿರಣಿಯ ಹಿಟ್ಟು ಮೇಲಕ್ಕೇರಿ ಯಂತ್ರದೊಳಗೆ ಹೊಗಬಾರದೆಂದು ಪ್ರಿಂಟರಿಗೂ ಕಂಪ್ಯೂಟರಿಗೂ ಹಳೆಯ ಸೀರೆ ಹೊದಿಸಿದ್ದಾರೆ. ಬಾಗಿಲಲ್ಲಿ ನಿಂತು ನೋಡಿದವರಿಗೆ ಯಾರೋ ಹೆಂಗಸರು ಮುಸುಕು ಹಾಕಿಕೊಂಡು ಕೂತಿದ್ದಾರೆ ಎನಿಸಬೇಕು.

ಮಾಡುವ ಕೆಲಸವೇನು ಎಂದು ಕೇಳಿದರೆ ಅವರು ದೊಡ್ಡ ಹೆಸರು ಹೇಳುವುದಿಲ್ಲ. "ಲೆಕ್ಕದ ಆಫೀಸಿನಲ್ಲಿ ಒಂದು ಬಿಲ್ಲನ್ನು ಮೂರು ಸಲ ಬರೀತಾರೆ. ದಿನದ ರೋಜು ಪುಸ್ತಕಕ್ಕೊಮ್ಮೆ, ಖಾತೆಗೊಮ್ಮೆ, ತೆರಿಗೆಯ ಫಾರ್ಮಿಗೊಮ್ಮೆ. ಮೊದಲ ಸಲ ಮನುಷ್ಯ ಬರೆಯಲಿ, ಉಳಿದದ್ದು ಮಿಷನ್ ಬರೆಯಲಿ. ಅಷ್ಟೇ ಮಾರಾಯ್ರೇ. ಇದಕ್ಕೆ ಆಟೋಮೇಶನ್ ಅಂತ ಬೋರ್ಡು ಹಾಕಿದ್ರೆ ಜನ ಹೆದ್ರಿ ಓಡ್ತಾರೆ."

ಅವರು ಕಾಮರ್ಸ್ ಓದಿ ಮೊದಲು ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ತೊಂಬತ್ತರ ದಶಕದ ಆರಂಭದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿ ಪ್ರೋಗ್ರಾಂ ಬರೆಯುವುದನ್ನು ಕಲಿತರು. ೧೯೯೬ರಲ್ಲಿ ಸ್ವಂತಕ್ಕೆ ಕೈ ಹಾಕಿದಾಗ ಆಫೀಸುಗಳ ಬಾಗಿಲಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಸಾಹೇಬರು ಯಾವಾಗ ಬರ್ತಾರೆ? "ಸಾಹೇಬರು ಬಂದಾಯ್ತು, ನೀರು ಕೊಡಿ ಅಂತಿದ್ದೆ," ಎನ್ನುವಾಗಲೂ ಅವರ ಮುಖದಲ್ಲಿ ನಗು ಬರುವುದಿಲ್ಲ. ಅಂಗಡಿಯಲ್ಲಿ ತಯಾರು ಸಿಗುವ ಸಿ.ಡಿ. ಇರುವಾಗ ನೀವು ಯಾಕೆ ಎಂದವರೂ ಬಹಳ. ಆದರೂ ಒಬ್ಬರು ಇನ್ನೊಬ್ಬರಿಗೆ ಹೇಳಿ, ಈಗ ಪೇಟೆಗಳಲ್ಲಿ, ಕ್ಯಾಂಪಿನಲ್ಲಿ, ಈಚೆಗೆ ವಿಮಾನ ನಗರದಲ್ಲಿ ಎಂದು ಹತ್ತು ಹದಿನೈದು ಆಫೀಸುಗಳು ಅವರ ಕೈಯಲ್ಲಿವೆ.

ಕೆಲಸ ಒಪ್ಪಿಕೊಳ್ಳುವ ಮೊದಲು ಅವರದೊಂದು ಷರತ್ತು. ಆ ಆಫೀಸಿನ ಎಲ್ಲರಿಗಿಂತ ಹಳೆಯ ದಿವಾಣಜಿಯ ಪಕ್ಕ ಒಂದು ತಿಂಗಳು ಕೂರಲು ಬಿಡಬೇಕು. ಅವರು ಯಾವ ಕಾಗದ ಮೊದಲು ತೆಗೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಏನನ್ನು ಎರಡು ಸಲ ನೋಡುತ್ತಾರೆ ಎಂಬುದನ್ನು ನೋಡಿ ಆಮೇಲೆ ಪ್ರೋಗ್ರಾಂ ಬರೆಯುತ್ತಾರೆ. ಸಿದ್ಧವಾದ ಮೇಲೆ ಮೊದಲು ಅದರ ಮುಂದೆ ಕೂರಬೇಕಾದವರೂ ಆ ಹಳಬರೇ.

ಇದರ ಹಿಂದೆ ಅವರ ತಂದೆ ಸಂಕಪ್ಪ ಇದ್ದಾರೆ. ಕಾರ್ಕಳದ ಕಡೆಯಿಂದ ಹುಡುಗನಾಗಿ ಬಂದು, ಲಕ್ಷ್ಮೀ ರಸ್ತೆಯ ಹೋಟೆಲೊಂದರಲ್ಲಿ ತಟ್ಟೆ ತೊಳೆದು, ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾದ ಮೇಲೆ ಕೂತವರು. ದಿನವಿಡೀ ಬಿಲ್ಲು ಹರಿದು ಕೊಡುವ ಕೆಲಸ. ಬಂದವರ ಮುಖ ನೋಡಿಯೇ ಏನು ತಿಂದಿದ್ದಾರೆಂದು ಹೇಳುತ್ತಿದ್ದರಂತೆ. ೧೯೯೪ರಲ್ಲಿ ಹೋಟೆಲಿಗೆ ಬಿಲ್ಲಿನ ಮಿಷನ್ ಬಂತು. ಧಣಿ ಒಳ್ಳೆಯವರು, ಸಂಕಪ್ಪನವರನ್ನು ಬಿಡಿಸಲಿಲ್ಲ, ಪಗಾರ ಕಡಿಮೆ ಮಾಡಲಿಲ್ಲ. ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿ, ಊಟ ಮುಗಿಸಿದವರು ಬಾಯಿಗೆ ಹಾಕಿಕೊಳ್ಳುವ ಬಡೇಸೋಪಿನ ತಟ್ಟೆ ನೋಡಿಕೊಳ್ಳಿ ಎಂದರು.

"ಖಾಲಿ ಆದ್ರೆ ತುಂಬಿಸುದು," ಹರಿಣಾಕ್ಷಿ ಹೇಳುತ್ತಾರೆ. "ಅಪ್ಪ ಎರಡು ವರ್ಷ ಅದನ್ನು ಮಾಡಿದ್ರು. ಮನೆಗೆ ಬಂದು ಒಂದು ದಿನ ದೂರು ಹೇಳ್ಲಿಲ್ಲ. ಆದ್ರೆ ಮಾತೇ ಕಡಿಮೆ ಆಯ್ತು. ಊಟಕ್ಕೆ ಏನು ಬೇಕು ಅಂದ್ರೂ, ಏನಾದ್ರೂ ಆದೀತು ಅಂತಿದ್ರು. ಹಾಗೇ ಒಂದು ದಿನ ಹೋಗಿಬಿಟ್ರು."

ಇಷ್ಟು ಹೇಳಿ ಅವರು ಪ್ಲಗ್ಗಿನ ಕಡೆ ತಿರುಗುತ್ತಾರೆ.

ಈಗ ಈ ನಾರಾಯಣ ಪೇಟೆಯ ಆಫೀಸಿನಲ್ಲಿ ಬಡೇಸೋಪಿನ ತಟ್ಟೆಗೆ ಹತ್ತಿರವಾಗಿರುವವರು ರಾಮಲಿಂಗಪ್ಪ. ಊರು ಮುಧೋಳದ ಕಡೆ. ಇಲ್ಲಿನ ಈಗಿನ ಸಾಹೇಬರು ಪ್ರಲ್ಹಾದ ಕಟ್ಟಿ. ಅವರ ತಂದೆಯ ಕಾಲದಿಂದ ರಾಮಲಿಂಗಪ್ಪ ಇದೇ ಗಾದಿಯ ಮೇಲೆ ಲೆಕ್ಕ ಬರೆಯುತ್ತಿದ್ದಾರೆ. ಬರುವ ಶುಕ್ರವಾರ, ೨೦೦೫ರ ಏಪ್ರಿಲ್ ಒಂದರಿಂದ, ಮಹಾರಾಷ್ಟ್ರದಲ್ಲಿ ವ್ಯಾಟ್ ಎಂಬ ಹೊಸ ಮಾರಾಟ ತೆರಿಗೆ ಜಾರಿಗೆ ಬರುತ್ತದೆ. ವ್ಯಾಪಾರಿಗಳ ಕೊಂಡ ಬಿಲ್ಲು ಮಾರಿದ ಬಿಲ್ಲು ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಬೇಕು, ಕೈಬರಹಕ್ಕೆ ಅದು ನಿಲುಕುವುದಿಲ್ಲ. ಕಟ್ಟಿಯವರು ಹೊರಕೋಣೆಯಲ್ಲಿ ಇಬ್ಬರು ಆಪರೇಟರುಗಳನ್ನು ಇಟ್ಟುಕೊಂಡಿದ್ದಾರೆ. ಮುಂಚೆ ಪ್ರತಿ ಬೆಳಿಗ್ಗೆ ಬಿಲ್ಲಿನ ಕಟ್ಟನ್ನು ಕಟ್ಟಿಯವರೇ ತಂದು ಗಾದಿಯ ಮೇಲೆ ಇಡುತ್ತಿದ್ದರು. ಶಿವರಾತ್ರಿ ಕಳೆದಾಗಿನಿಂದ ಆ ಕಟ್ಟು ಹೊರಕೋಣೆಯ ಮೇಜಿಗೆ ಹೋಗುತ್ತಿದೆ.

"ನನಗ ಅವರ ಮ್ಯಾಲೆ ಸಿಟ್ಟೇನಿಲ್ರಿ," ಎನ್ನುತ್ತಾರೆ ಕಟ್ಟಿ. "ನಮ್ಮಪ್ಪನ ಜೋಡಿ ದುಡದವರು. ಆದ್ರ ಏಪ್ರಿಲ್‌ನಿಂದ ಯಾರು ಕಂಪ್ಯೂಟರ್ ಮುಂದ ಕೂಡ್ತಾರೋ ಅವರಿಗೆ ಕೆಲಸ. ಕೂಡೂದಿಲ್ಲ ಅಂದ್ರ ಶಾಲು ಹೊದಿಸಿ, ಹಾರ ಹಾಕಿ, ಮರ್ಯಾದಿಯಿಂದ ಕಳಸ್ತೀನಿ. ನಾನಾರ ಏನ್ ಮಾಡ್ಲಿ?"

ರಾಮಲಿಂಗಪ್ಪ ಕೂರುವುದಿಲ್ಲ ಎಂದು ಹಟ ಹಿಡಿದವರೇನಲ್ಲ. ಫೆಬ್ರವರಿಯಲ್ಲಿ ಮೇಜಿನ ಮುಂದೆ ಕೂತು ನೋಡಿದ್ದಾರೆ. ಕಾಲು ಜೋತುಬಿಟ್ಟು ಕೂತರೆ ಜೋಮು ಹಿಡಿಯುತ್ತದೆ, ಮೇಲಾಗಿ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದರು. ಅದಕ್ಕೇ ಹರಿಣಾಕ್ಷಿ ಕಂಪ್ಯೂಟರನ್ನು ಕೆಳಗೆ ಇಳಿಸಿದ್ದು.

ಏಳೂವರೆಗೆ ರಾಮಲಿಂಗಪ್ಪ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಗಾದಿಯ ಮುಂದಿನ ಹೊಸ ಸಂಸಾರವನ್ನು ನೋಡುತ್ತ ನಿಲ್ಲುತ್ತಾರೆ.

"ಏನ್ ತಂಗಿ, ಇದನ್ನೂ ನಮ್ಮ ಪಂಕ್ತಿಗೆ ಕೂಡಿಸಿದಿ?"

"ಬಡಿಸುದು ನೀವೇ. ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಈಗ ಜೋಮು ಅಂದ್ರೆ ನಾನು ಕೇಳುದಿಲ್ಲ."

"ನಿಮ್ಮ ಮಂಗಳೂರು ಕಡೀ ಮಂದಿ ಮಾತಿನಾಗ ಬಿಡಾವ್ರಲ್ಲ."

"ನಿಮ್ಮ ಕಡೆಯವರು ಏಳುವವರಲ್ಲ."

ಅವರು ಕೂರುತ್ತಾರೆ. ಪರೀಕ್ಷೆಗೆಂದು ತೆಗೆದಿಟ್ಟ ಹಳೆಯ ಬಿಲ್ಲುಗಳನ್ನು ಒಂದೊಂದೇ ಬೆರಳಿನಿಂದ ಹೊಡೆಯುತ್ತಾರೆ. ನಿಧಾನ, ಆದರೆ ಸರಿಯಾಗಿ ಸಾಗಿದೆ. ಆರನೆಯದೋ ಏಳನೆಯದೋ ಬಿಲ್ಲಿಗೆ ಕಬ್ಬಿಣದಂಗಡಿಯ ಖಾತೆಗೆ ಹಾಕಬೇಕಾದ್ದು ಕಿರಾಣಿ ಅಂಗಡಿಯ ಖಾತೆಗೆ ಬೀಳುತ್ತದೆ. ರಾಮಲಿಂಗಪ್ಪ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಅಳಿಸುವ ಕೀಲಿ ಯಾವುದೆಂದು ಅವರಿಗೆ ಗೊತ್ತು, ಒತ್ತುವುದಿಲ್ಲ. ಆ ತಪ್ಪು ಸಾಲನ್ನು ಹಾಗೇ ಬಿಟ್ಟು ಕೆಳಗೆ ಸರಿಯಾದದ್ದನ್ನು ಇನ್ನೊಮ್ಮೆ ಹೊಡೆಯುತ್ತಾರೆ. ಈಗ ಒಂದೇ ಬಿಲ್ಲು ಎರಡು ಕಡೆ ನಿಂತಿತು. ಒಟ್ಟು ಮೊತ್ತ ಕೆಟ್ಟಿತು.

ಫೆಬ್ರವರಿಯಲ್ಲೂ ಕೆಟ್ಟದ್ದು ಹೀಗೆಯೇ. ಆಪರೇಟರುಗಳು ನಕ್ಕಿದ್ದರು. ಕಟ್ಟಿಯವರು, ಇವರಿಂದ ಆಗೂದಿಲ್ಲ ಬಿಡ್ರಿ ಎಂದಿದ್ದರು. ಆಗ ಕಾರಣ ಯಾರೂ ಕೇಳಿರಲಿಲ್ಲ. ಈಗ ಹರಿಣಾಕ್ಷಿ ಗಾದಿಯ ಅಂಚಿಗೆ ಕೂತು ಕೇಳುತ್ತಾರೆ.

"ಯಾಕೆ ಅಳಿಸುದಿಲ್ಲ ನೀವು?"

ರಾಮಲಿಂಗಪ್ಪ ಹಿಂದಿನ ಕಪಾಟಿನಿಂದ ಕೆಂಪು ಬಟ್ಟೆಯ ರಟ್ಟಿನ ಹಳೆಯ ಪುಸ್ತಕವೊಂದನ್ನು ತೆಗೆದು ಯಾವುದೋ ಒಂದು ಪುಟ ಬಿಡಿಸುತ್ತಾರೆ. ಒಂದು ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿದೆ. ಗೆರೆಯ ಕೆಳಗಿನ ಅಕ್ಷರ ಓದಲು ಬರುತ್ತದೆ. ಪಕ್ಕದಲ್ಲಿ ಸಣ್ಣ ಸಹಿ.

"ತಪ್ಪು ಮಾಡಿದ್ರ ಗೆರಿ ಹೊಡೀಬೇಕು, ಕೆರದು ತಗೀಬಾರದು. ನನಗ ಕಲಿಸಿದವರು ಕಾಡಪ್ಪಜ್ಜ ಅಂತ ಇದ್ರು. ಬ್ಲೇಡ್ ಮುಟ್ಟಿದ್ರ ಕೈ ಮ್ಯಾಲೆ ರೂಲರ್ ಪೆಟ್ಟು ಬೀಳ್ತಿತ್ತು. ತಪ್ಪು ಯಾರದು ಅಂತ ನಾಳೆ ಯಾರರ ಕೇಳಿದ್ರ, ನಂದು ಅಂತ ಅಲ್ಲಿ ಬರದಿರಬೇಕು. ಇದರಾಗ ಆ ಕೀಲಿ ಒತ್ತಿದ್ರ ಏನೂ ಆಗೇ ಇಲ್ಲ ಅನ್ನೂಹಂಗ ಆಗ್ತದ. ಕಳ್ಳತನ ಮಾಡಿದಂಗ ಅನಸ್ತದ ತಂಗಿ. ಕೈ ಬರೂದಿಲ್ಲ."

ಹರಿಣಾಕ್ಷಿ ಪುಸ್ತಕವನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಆ ಕೆಂಪು ಗೆರೆಯ ಮೇಲೆ ಬೆರಳಾಡಿಸುತ್ತಾರೆ. ತಿಂಗಳಿಡೀ ಪಕ್ಕದಲ್ಲಿ ಕೂತಿದ್ದರು. ಆ ತಿಂಗಳಲ್ಲಿ ರಾಮಲಿಂಗಪ್ಪ ಒಂದೂ ತಪ್ಪು ಬರೆದಿರಲಿಲ್ಲ. ಹಾಗಾಗಿ ಇದು ಕಣ್ಣಿಗೆ ಬಿದ್ದಿರಲಿಲ್ಲ.

"ಶುಕ್ರವಾರದವರೆಗೆ ಸಮಯ ಕೊಡಿ," ಎನ್ನುತ್ತಾರೆ.

"ನಾ ಕೊಡಾವೇನ? ಸಾಹೇಬ್ರು ಕೊಡಬೇಕು."

ಒಂಬತ್ತಕ್ಕೆ ಕರೆಂಟು ಹೋಗುತ್ತದೆ. ಪರದೆ ಕಪ್ಪಾಗುತ್ತದೆ. ರಾಮಲಿಂಗಪ್ಪ ಕಿಟಕಿಯ ಬೆಳಕಿಗೆ ಸರಿದು ಹಳೆಯ ಪುಸ್ತಕವನ್ನು ಬಟ್ಟೆಯಿಂದ ಒರೆಸಿ ಕಪಾಟಿನಲ್ಲಿ ಇಡುತ್ತಾರೆ. ಬೇರೆ ಕೆಲಸ ಅವರಿಗೆ ಅಂದು ಇಲ್ಲ.

ಆ ವಾರ ದುರ್ಗಾ ಡೇಟಾ ಸರ್ವಿಸಸ್‌ಗೆ ನಾಲ್ಕು ಕಡೆಯಿಂದ ಕರೆ. ಎಲ್ಲರಿಗೂ ಶುಕ್ರವಾರದೊಳಗೆ ಆಗಬೇಕು. ಖರಾಡಿಯ ದೊಡ್ಡ ಆಫೀಸೊಂದು ಇಂದೇ ಬನ್ನಿ, ಗಾಡಿ ಕಳಿಸುತ್ತೇವೆ ಎನ್ನುತ್ತದೆ. ಉಳಿದ ಕಡೆಗಳಿಗೆ ತ್ರಿವೇಣಿಯನ್ನು ಅಟ್ಟಿ, ಖರಾಡಿಯವರಿಗೆ ಶುಕ್ರವಾರ ಮಧ್ಯಾಹ್ನ ಎಂದು ಹೇಳಿ, ಹರಿಣಾಕ್ಷಿ ಗಿರಣಿಯ ಮೇಲಿನ ಕೋಣೆಯಲ್ಲಿ ಕೂತು ಒಂದು ಕೀಲಿಯ ಸ್ವಭಾವ ಬದಲಿಸುತ್ತಾರೆ. ಖರಾಡಿಯವರು ಕಾಯುತ್ತಾರೋ ಇಲ್ಲವೋ ಗೊತ್ತಿಲ್ಲ. "ಮೊದಲು ನಾರಾಯಣ ಪೇಟೆಯದ್ದು ಒಪ್ಪಿಕೊಂಡದ್ದು," ಎಂದಷ್ಟೇ ಹೇಳುತ್ತಾರೆ.

ಶುಕ್ರವಾರ ಬೆಳಿಗ್ಗೆ. ಹೊಸ ವರ್ಷದ ಲೆಕ್ಕದ ಮೊದಲ ದಿನ. ಮಾನಿಟರಿನ ತಲೆಯ ಮೇಲೆ ಅರಿಶಿನ ಕುಂಕುಮ, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ಕೀಬೋರ್ಡಿನೊಳಗೆ ಕುಂಕುಮ ಹೋಗದಂತೆ ಹರಿಣಾಕ್ಷಿ ಅದರ ಮೇಲೆ ಕರವಸ್ತ್ರ ಹಾಸಿದ್ದಾರೆ. ಹೊರಕೋಣೆಯಲ್ಲಿ ಆಪರೇಟರುಗಳು ಬಂದಿದ್ದಾರೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕಟ್ಟಿಯವರು ತಂದಿಟ್ಟ ಹೊಸ ವರ್ಷದ ಮೊದಲ ಬಿಲ್ಲಿನ ಕಟ್ಟು ಇದೆ. ಅದರ ಪಕ್ಕ ಒಂದು ಕಾಗದದ ಚೀಲದಿಂದ ಶಾಲಿನ ಅಂಚು ಇಣುಕುತ್ತದೆ. ರಾಮಲಿಂಗಪ್ಪನವರೂ ಅದನ್ನು ನೋಡಿದ್ದಾರೆ.

ಕರವಸ್ತ್ರ ಸರಿಸಿ, ಪರೀಕ್ಷೆಗೆಂದು ತೆಗೆದಿಟ್ಟ ಹಳೆಯ ಬಿಲ್ಲುಗಳನ್ನು ಅವರು ಹೊಡೆಯತೊಡಗುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿದಿದೆ. ಕಟ್ಟಿಯವರು ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಾರೆ. ಮೊದಲ ನಾಲ್ಕೈದು ಸರಿಯಾಗಿ ಬೀಳುತ್ತವೆ. ಆಮೇಲೆ ಒಂದು ಹೆಸರು ತಪ್ಪುತ್ತದೆ.

"ಈಗ ಒತ್ತಿ ನೋಡಿ," ಹರಿಣಾಕ್ಷಿ ಮೆಲ್ಲನೆ ಹೇಳುತ್ತಾರೆ.

ರಾಮಲಿಂಗಪ್ಪ ಕೀಬೋರ್ಡಿನ ಮೇಲೆ ಬೆರಳು ಹಿಡಿದು ಒಂದು ಕ್ಷಣ ತಡೆದು, ಒತ್ತುತ್ತಾರೆ. ತಪ್ಪು ಸಾಲು ಮಾಯವಾಗುವುದಿಲ್ಲ. ಅದರ ಮೇಲೆ ಎಡದಿಂದ ಬಲಕ್ಕೆ ಒಂದು ಕೆಂಪು ಗೆರೆ ಬರುತ್ತದೆ. ಗೆರೆಯ ಕೆಳಗಿನ ಅಕ್ಷರ ಓದಲು ಬರುತ್ತದೆ. ಕೊನೆಯಲ್ಲಿ ಅವರ ಹೆಸರಿನ ಮೊದಲಕ್ಷರ, ಅಂದಿನ ತಾರೀಖು. ಮೊತ್ತದಲ್ಲಿ ಆ ಸಾಲು ಸೇರುವುದಿಲ್ಲ.

ಅವರು ಕನ್ನಡಕ ಮೇಲೆ ಸರಿಸಿ ಪರದೆಗೆ ಹತ್ತಿರ ಬಾಗುತ್ತಾರೆ. ಉಗುರಿನಿಂದ ಗಾಜಿನ ಮೇಲೆ ಆ ಗೆರೆಯನ್ನು ಮುಟ್ಟಿ ನೋಡುತ್ತಾರೆ.

"ಓದಲಿಕ್ಕೆ ಬರ್ತದ," ಎನ್ನುತ್ತಾರೆ. ಕೆಳಗೆ ಸರಿಯಾದ ಹೆಸರು ಹೊಡೆದು ಮುಂದಿನ ಬಿಲ್ಲಿಗೆ ಕೈ ಹಾಕುತ್ತಾರೆ. ಇಟ್ಟ ಹಳೆಯ ಬಿಲ್ಲುಗಳು ಮುಗಿಯುತ್ತವೆ. ಮೊತ್ತ ತಾಳೆಯಾಗುತ್ತದೆ. ಇನ್ನು ಹೊಡೆಯಲು ಕಾಗದವಿಲ್ಲ. ಅವರು ಎರಡೂ ಕೈಗಳನ್ನು ಡೆಸ್ಕಿನ ಅಂಚಿಗಿಟ್ಟು ಸುಮ್ಮನೆ ಕೂರುತ್ತಾರೆ.

ಕಟ್ಟಿಯವರು ಚಪ್ಪಲಿ ಬಿಡುತ್ತಾರೆ. ಸ್ಟೂಲಿನ ಮೇಲಿನ ಕಟ್ಟನ್ನು ಎತ್ತಿಕೊಂಡು ಹೊರಕೋಣೆಯ ಕಡೆ ನೋಡುತ್ತಾರೆ, ಗಾದಿಯ ಕಡೆ ನೋಡುತ್ತಾರೆ. ಆಮೇಲೆ ಒಳಗೆ ಬಂದು, ಬಗ್ಗಿ, ಕಟ್ಟನ್ನು ಗಾದಿಯ ಮೇಲೆ ರಾಮಲಿಂಗಪ್ಪನವರ ಬಲಗಡೆಗೆ ಇಡುತ್ತಾರೆ.

"ಸಾವಕಾಶ ಮಾಡ್ರಿ," ಎನ್ನುತ್ತಾರೆ. "ಗಡಬಡಿ ಇಲ್ಲ."

"ವ್ಯಾಟಿಂದು ಗಡಬಡಿ ಭಾಳ ಅದ ಅಂತ ಪೇಪರಿನಾಗ ಬಂದದಲ್ರಿ," ಎನ್ನುತ್ತಾರೆ ರಾಮಲಿಂಗಪ್ಪ, ಕಟ್ಟಿನ ದಾರ ಬಿಚ್ಚುತ್ತ. ಬಾಗಿಲಲ್ಲಿ ನಿಂತ ಆಪರೇಟರುಗಳು ಈ ಸಲ ನಕ್ಕಾಗ ರಾಮಲಿಂಗಪ್ಪನವರೂ ಜೊತೆಗೆ ನಗುತ್ತಾರೆ. ಶಾಲಿನ ಚೀಲವನ್ನು ಕಟ್ಟಿಯವರು ಹೋಗುವಾಗ ತಮ್ಮ ಕೋಣೆಗೆ ತೆಗೆದುಕೊಂಡು ಹೋಗುತ್ತಾರೆ.

ಹರಿಣಾಕ್ಷಿ ಕರವಸ್ತ್ರ ಕೊಡವಿ ಮಡಚಿ, ವಾಯರು ಸುತ್ತಿ, ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕುತ್ತಾರೆ. ಖರಾಡಿಯವರು ಬೆಳಿಗ್ಗೆ ಇನ್ನೊಮ್ಮೆ ಫೋನ್ ಮಾಡಿದ್ದಾರೆ, ಕಾಯುತ್ತಾರಂತೆ. ಅಲ್ಲಿ ಎಲ್ಲ ಗಾಜು, ತಿರುಗುವ ಕುರ್ಚಿ; ಇಳಿಸುವುದಕ್ಕೆ ಗಾದಿ ಇರುವುದಿಲ್ಲ. ಮುಂದೆ ಏನು ಆಸೆ ಎಂದು ಕೇಳಿದರೆ ಚೀಲ ಹೆಗಲಿಗೇರಿಸುತ್ತಾರೆ. ಹಿಟ್ಟು ಬಾರದ ಕೋಣೆಯೊಂದು ಸಿಕ್ಕರೆ ಸಾಕು ಎನ್ನುತ್ತಾರೆ. ಮೆಟ್ಟಿಲು ಇಳಿಯುವ ಮೊದಲು ಒಮ್ಮೆ ತಿರುಗಿ ಒಳಕೋಣೆಯ ಕಡೆ ನೋಡುತ್ತಾರೆ. ಅಲ್ಲಿಂದ ಕೀಲಿಗಳ ಸದ್ದು ಕೇಳುತ್ತಿದೆ, ಒಂದು, ಸ್ವಲ್ಪ ತಡೆದು ಇನ್ನೊಂದು.

"ಅಪ್ಪನೂ ಗಲ್ಲಾದಲ್ಲಿ ಹೀಗೇ, ತಡ ಮಾಡಿಯೇ ಬಿಲ್ಲು ಹರೀತಿದ್ದದ್ದು," ಎನ್ನುತ್ತಾರೆ. "ಯಾರೂ ಲೆಕ್ಕ ಹೆಚ್ಚು ಕಡಿಮೆ ಆಯ್ತು ಅಂತ ವಾಪಸ್ ಬರ್ಲಿಲ್ಲ."